ನಾಯಿಗೆ ಮೊದಲ ತುತ್ತು

ಅತ್ತೆ ಮಾತು ನಿಲ್ಲಿಸಿದರೆ ಯಾವ ಸೊಸೆ ತಾನೇ ಡಾಕ್ಟರ ಹತ್ತಿರ ಓಡುತ್ತಾಳೆ? ನಾನೂ ಓಡಲಿಲ್ಲ. ಮನೆ ತಣ್ಣಗಾಯಿತಲ್ಲ ಎಂದು ಎರಡು ತಿಂಗಳು ಒಳಗೊಳಗೇ ಹಿಗ್ಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನೊಬ್ಬಳೇ ಒಳ್ಳೆಯವಳ ಹಾಗೆ ಕಾಣುವುದು ಬೇಡ.

ನಮ್ಮತ್ತೆ ಹೊನ್ನಕ್ಕ ಎಂದರೆ ಹೊಸದುರ್ಗದಲ್ಲಿ ನಮ್ಮ ಬೀದಿಗೆಲ್ಲ ಗೊತ್ತು. ಅವರ ಬಾಯಿಗೆ ಸಿಕ್ಕದವರು ಇಬ್ಬರೇ, ಇನ್ನೂ ಹುಟ್ಟದವರು ಮತ್ತು ಆಗಲೇ ಸತ್ತವರು. ಸತ್ತವರನ್ನೂ ಪೂರ್ತಿ ಬಿಟ್ಟವರಲ್ಲ. ಮಾವ ದೊಡ್ಡತಿಮ್ಮಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೂ, ಹಿತ್ತಲ ಬಾಗಿಲಿನ ಚಿಲಕ ಸರಿ ಮಾಡಿಸದೆ ಹೋದರು ಎಂದು ದಿನಕ್ಕೊಮ್ಮೆ ಬೈಯುತ್ತಿದ್ದರು. ನಾನು ಪಡಸಾಲೆಯಲ್ಲಿ ಮೆಷಿನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ನನ್ನ ಹೊಲಿಗೆ, ನನ್ನ ಸಾರು, ನನ್ನ ತವರು, ನನ್ನ ಗಂಡ ಶ್ರೀನಿವಾಸ್ ಕಂಡಕ್ಟರಾಗಿದ್ದ ಪ್ರೈವೇಟ್ ಬಸ್ಸು, ಎಲ್ಲಕ್ಕೂ ಅತ್ತೆಯ ಹತ್ತಿರ ಒಂದೊಂದು ಬೈಗುಳ ತಯಾರಿರುತ್ತಿತ್ತು.

ತೊಂಬತ್ತೇಳರ ದೀಪಾವಳಿ ಕಳೆದ ಮೇಲೆ ಆ ಬಾಯಿ ನಿಂತುಹೋಯಿತು. ಜಗಳವಾಗಲಿಲ್ಲ, ಜ್ವರ ಬರಲಿಲ್ಲ, ಬಿದ್ದು ಪೆಟ್ಟು ಮಾಡಿಕೊಳ್ಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಕೋಳಿ ಕೂಗುವುದಕ್ಕೆ ಮುಂಚೆಯೇ ಎದ್ದು ಕೂತಿರುತ್ತಿದ್ದರು. ಸಾರಿಗೆ ಉಪ್ಪು ಮರೆತ ದಿನವೂ ಸುಮ್ಮನೆ ಉಂಡು ಎದ್ದರು. ನಾನು ಬೇಕೆಂದೇ ಇನ್ನೊಂದು ದಿನ ಉಪ್ಪು ಬಿಟ್ಟು ನೋಡಿದೆ. ಆಗಲೂ ಉಂಡು ಎದ್ದರು.

ಸಂಕ್ರಾಂತಿಗೆ ಅವರಿಗೊಂದು ಕುಪ್ಪಸ ಹೊಲಿಯೋಣವೆಂದು ಅಳತೆ ತೆಗೆಯಲು ಕರೆದೆ. ಎದೆಯ ಸುತ್ತ ಟೇಪು ತಂದಾಗ ನನ್ನ ಕೈ ನಿಂತಿತು. ಹೋದ ವರ್ಷ ಮೂವತ್ತಾರು ಇದ್ದದ್ದು ಈಗ ಮೂವತ್ತೊಂದು. ಕಣ್ಣು ಸುಳ್ಳು ಹೇಳಬಹುದು, ಟೇಪು ಹೇಳುವುದಿಲ್ಲ. ದಿನಾ ಒಂದೇ ಮನೆಯಲ್ಲಿದ್ದು, ಸೀರೆಯ ಸೆರಗಿನೊಳಗೆ ಒಂದು ಜೀವ ಕರಗುತ್ತಿರುವುದು ನನಗೆ ಕಂಡಿರಲಿಲ್ಲ.

ಅತ್ತೆ ಕೈ ಎತ್ತಿಕೊಂಡೇ ನಿಂತು, "ಬಟ್ಟೆ ದಂಡ ಕಣೆ ಹೇಮಿ. ಎಷ್ಟು ದಿನ ಹಾಕ್ಕಂತೀನಿ" ಎಂದರು.

ಕೋಪದಲ್ಲಿ ಹೇಳಿದ್ದಲ್ಲ, ಕೊರಗಿ ಹೇಳಿದ್ದೂ ಅಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ ಹಾಗಿತ್ತು.

ಮೊದಲು ಕರೆದುಕೊಂಡು ಹೋದದ್ದು ನಮ್ಮೂರಿನ ಹಳೇ ಡಾಕ್ಟರು ಕಾಟಲಿಂಗಪ್ಪನವರ ಹತ್ತಿರ. ಅವರು ಬಿಪಿ ನೋಡಿದರು, ನಾಲಿಗೆ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಟಾನಿಕ್ ಬರೆದರು. ಎಪ್ಪತ್ತು ದಾಟಿದವರು ಕುಣಿಯಬೇಕೇನಮ್ಮ ಎಂದು ನನ್ನನ್ನೇ ಕೇಳಿದರು. ಗಂಡ ಹೋದ ಮೇಲೆ ಹೆಂಗಸರು ಹೀಗೇ ಒಳಗೆ ಸರಿಯುತ್ತಾರೆ, ಅದು ರೋಗವಲ್ಲ, ವಯಸ್ಸು ಎಂದರು. ಮಾವ ಹೋದ ಮೇಲೆ ಎರಡು ವರ್ಷ ಚೆನ್ನಾಗಿಯೇ ಬೈದುಕೊಂಡಿದ್ದರಲ್ಲ ಸಾರ್ ಎಂದೆ. ಅವರು ನಕ್ಕು ಮುಂದಿನವರನ್ನು ಕರೆದರು.

ಆ ತಿಂಗಳ ಕೊನೆಯ ಗುರುವಾರ ಊರಲ್ಲಿ ಮನಸ್ಸಿನ ಡಾಕ್ಟರ ಕ್ಯಾಂಪ್ ಇತ್ತು. ಬರುತ್ತಿದ್ದವರು ಆತಿಕಾ ಎಂಬ ಹುಡುಗಿ, ನಮ್ಮ ಜಿಲ್ಲೆಯ ದೊಡ್ಡ ಊರು ದುರ್ಗದಲ್ಲಿ ಕಬ್ಬಿಣದ ಟ್ರಂಕು ಮಾಡುವವರ ಮನೆ ಮಗಳು. ಅರ್ಧ ಗಂಟೆ ಅತ್ತೆಯ ಜೊತೆ ಒಬ್ಬರೇ ಕೂತು ಮಾತಾಡಿದರು. ಆಮೇಲೆ ನನ್ನನ್ನು ಒಳಗೆ ಕರೆದು, ಇದು ಖಿನ್ನತೆ ಎಂಬ ಕಾಯಿಲೆ ಎಂದರು. ದುಃಖದಲ್ಲಿರುವವರು ಮೊಮ್ಮಗಳು ಬಂದರೆ ಒಂದು ಗಳಿಗೆಯಾದರೂ ಅರಳುತ್ತಾರೆ, ಇವರು ಯಾವುದಕ್ಕೂ ಅರಳುತ್ತಿಲ್ಲ, ವಯಸ್ಸಾಯಿತೆಂದು ಬಿಟ್ಟರೆ ಉಳಿಯಲಿಕ್ಕಿಲ್ಲ ಎಂದರು. ಇಸಿಜಿ ತೆಗೆಸಿ, ದಿನಕ್ಕೊಂದು ಸಣ್ಣ ಕೆಂಪು ಮಾತ್ರೆ ಬರೆದರು. ಮೊದಮೊದಲು ಬಾಯಿ ಒಣಗುತ್ತದೆ, ನಿದ್ದೆ ಜಾಸ್ತಿ ಬರುತ್ತದೆ, ಹೆದರಬೇಡಿ ಎಂದರು. ಕೊನೆಗೆ ದನಿ ತಗ್ಗಿಸಿ, ಮನೆಯಲ್ಲಿ ಬಾವಿ ಇದೆಯಾ ಎಂದು ಕೇಳಿದರು.

ಇತ್ತು. ಹಿತ್ತಲಲ್ಲಿ, ತೆಂಗಿನಮರಗಳ ನಡುವೆ.

ಆಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಮೆಷಿನ್ನು ತುಳಿಯುವಾಗ ಅದರ ಸದ್ದಿಗೆ ಹಿತ್ತಲಿನದು ಕೇಳುವುದಿಲ್ಲ. ಅದಕ್ಕೆ ಒಂದು ಗೇಣು ಹೊಲಿಯುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಒಂದು ಗೇಣು. ಬಾವಿಯ ರಾಟೆ ಕಿರ್ರೆಂದರೆ ಎದ್ದು ಓಡುವುದು. ನೋಡಿದರೆ ಪಕ್ಕದ ಮನೆಯವರು ನೀರು ಸೇದುತ್ತಿರುತ್ತಿದ್ದರು. ತೋಳು ಕೂರಿಸುವ ಕಡೆ ಹೊಲಿಗೆ ಸೊಟ್ಟಗಾಗಿ, ಗಿರಾಕಿಗಳು ಮುಖ ಸೊಟ್ಟಗೆ ಮಾಡಿದರು. ರವಿಕೆ ಬಿಚ್ಚಿ ಮತ್ತೆ ಹೊಲಿಯಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಭಾವ ಎರ್ರಿಸ್ವಾಮಿಗೆ ಸುದ್ದಿ ಮುಟ್ಟಿದ್ದೇ ಹೊಳಲ್ಕೆರೆಯಿಂದ ಬಂದಿಳಿದರು. ಅಲ್ಲಿ ಹೈಸ್ಕೂಲ್ ಮೇಷ್ಟ್ರು ಅವರು. ಮನೆಯಲ್ಲೂ ಮಾತಾಡುವಾಗ ಕೈಯಲ್ಲಿ ಚಾಕ್‌ಪೀಸು ಇದೆಯೇನೋ ಎನ್ನುವ ಹಾಗೆ ಬೆರಳು ಜೋಡಿಸಿಕೊಂಡಿರುತ್ತಾರೆ. ಅವ್ವನಿಗೆ ಏನು ಕಡಿಮೆಯಾಗಿದೆ, ಊಟವಿದೆ, ಬಟ್ಟೆಯಿದೆ, ಇಬ್ಬರು ಗಂಡುಮಕ್ಕಳಿದ್ದಾರೆ, ಅರವತ್ತಕ್ಕೆ ಅರಳುಮರಳು ಎಂದು ಹಿರಿಯರು ಸುಮ್ಮನೆ ಹೇಳಿದರಾ ಎಂದು ಸಾಲಾಗಿ ಕೇಳಿದರು. ಆ ಮಾತ್ರೆ ತಿಂದವರು ತೂಕಡಿಸಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ ಎಂದು ಕಾಟಲಿಂಗಪ್ಪನವರು ಹೇಳಿದ್ದನ್ನೂ ಒಪ್ಪಿಸಿದರು. ಆ ಮಾತು ಪೂರ್ತಿ ಸುಳ್ಳಲ್ಲ, ಆತಿಕಾ ಕೂಡ ಹಾಗಾಗಬಹುದು, ಏಳುವಾಗ ಕೈ ಹಿಡಿಯಿರಿ ಎಂದಿದ್ದರು. ಆದರೆ ಭಾವನ ನಿಜವಾದ ಭಯ ಅದಲ್ಲ. ಅವರ ಮಗಳು ಸ್ವಾತಿಗೆ ಹಿರಿಯೂರಿನಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು.

"ನೋಡಮ್ಮ ಹೇಮಾ, ಅಜ್ಜಿ ಹುಚ್ಚಿನ ಮಾತ್ರೆ ತಿಂತಾಳೆ ಅಂತ ಗೊತ್ತಾದ್ರೆ ಯಾವ ಗಂಡಿನ ಕಡೇರು ಬಂದು ಜಮಖಾನದ ಮೇಲೆ ಕುಂತ್ಕಂತಾರೆ?" ಎಂದರು.

ನನ್ನ ಗಂಡನಿಗೆ ಅಣ್ಣನೂ ಸರಿ, ಹೆಂಡತಿಯೂ ಸರಿ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದ ಇಬ್ಬರನ್ನು ಒಟ್ಟಿಗೆ ಇಳಿಸಿ ನೀವೇ ಹಂಚಿಕೊಳ್ಳಿ ಎನ್ನುವ ಜಾತಿ. ಅವರೇ ಒಂದು ರಾಜಿ ಮಾಡಿದರು. ಯುಗಾದಿವರೆಗೆ ಎರಡು ತಿಂಗಳು ಮಾತ್ರೆ ಕೊಡುವುದು, ಗುಣ ಕಂಡರೆ ಸರಿ, ಕಾಣದಿದ್ದರೆ ನಿಲ್ಲಿಸಿ ದೇವರ ಮೇಲೆ ಭಾರ ಹಾಕುವುದು. ಭಾವ ಒಪ್ಪಿದರು. ನಾನೂ ಒಪ್ಪಿದೆ, ಬೇರೆ ದಾರಿಯಿರಲಿಲ್ಲ.

ಆದರೆ ಅತ್ತೆ ಒಪ್ಪಬೇಕಲ್ಲ. ನನಗೇನಾಗೈತೆ ಎಂದು ಮುಖ ತಿರುಗಿಸಿದರು. ಒತ್ತಾಯ ಮಾಡಿದರೆ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು. ನಾಲ್ಕನೇ ದಿನ ಕರಿಬೇವಿನ ಗಿಡದ ಬುಡದಲ್ಲಿ ನಾಲ್ಕು ಕೆಂಪು ಮಾತ್ರೆ ನೆನೆದು ಕೂತಿದ್ದವು.

ಆಗ ನನಗೆ ಮುದ್ದೆ ನೆನಪಾಯಿತು. ನಮ್ಮ ಕಡೆ ಮುದ್ದೆಯನ್ನು ಅಗಿಯುವವರು ಯಾರಿದ್ದಾರೆ? ಮುರಿದು, ಸಾರಿಗೆ ಅದ್ದಿ, ನುಂಗುವುದು. ಅಗಿದರೆ ಹೊಟ್ಟೆ ತುಂಬುವುದಿಲ್ಲ ಎಂದು ಚಿಕ್ಕಂದಿನಲ್ಲೇ ಬೈಸಿಕೊಂಡು ಕಲಿತವರು ನಾವು. ಅತ್ತೆ ಉಳಿದದ್ದು ಬಿಟ್ಟರೂ ಮಧ್ಯಾಹ್ನದ ಅರ್ಧ ಮುದ್ದೆ ಬಿಟ್ಟಿರಲಿಲ್ಲ. ಬಿಸಿ ಮುದ್ದೆಯ ನೆತ್ತಿಗೆ ಹೆಬ್ಬೆರಳಿನಿಂದ ಗುಳಿ ಒತ್ತಿದೆ, ಗುಳಿಯಲ್ಲಿ ಮಾತ್ರೆ ಇಟ್ಟೆ, ಒದ್ದೆ ಕೈಯಲ್ಲಿ ಸವರಿ ಮುಚ್ಚಿದೆ, ಮೇಲೆ ಒಂದು ಚಮಚ ತುಪ್ಪ ಹಾಕಿದೆ. ಅತ್ತೆಯ ಮುಂದೆ ತಟ್ಟೆ ಇಟ್ಟು ಮೆಷಿನ್ನಿನ ಹತ್ತಿರ ಬಂದೆ. ಉಣ್ಣುವವರ ಬಾಯಿ ನೋಡಬಾರದು ಎಂದು ಇದೇ ಅತ್ತೆ ಮದುವೆಯಾದ ಹೊಸದರಲ್ಲಿ ನನಗೆ ಕಲಿಸಿದ್ದರು. ಸ್ವಲ್ಪ ಹೊತ್ತಿಗೆ ಖಾಲಿ ತಟ್ಟೆ ಬಚ್ಚಲಿಗೆ ಬಂತು. ಗೆದ್ದೆ ಎಂದುಕೊಂಡೆ.

ಒಂದು ತಿಂಗಳಾಯಿತು. ಅತ್ತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಫೆಬ್ರವರಿಯ ಕ್ಯಾಂಪಿಗೆ ಅವರು ಬರಲು ಒಪ್ಪಲಿಲ್ಲ, ನಾನೊಬ್ಬಳೇ ಹೋದೆ. ಬಾಯಿ ಒಣಗುತ್ತದೆ ಅಂದರಾ, ಹಗಲು ನಿದ್ದೆ ಮಾಡುತ್ತಾರಾ ಎಂದು ಆತಿಕಾ ಕೇಳಿದರು. ಇಲ್ಲ, ಏನೂ ಇಲ್ಲ ಎಂದೆ. ಅವರಿಗೆ ಆಶ್ಚರ್ಯವಾಯಿತು. ಸರಿಯಾಗಿ ನುಂಗುತ್ತಾರೆ ತಾನೇ ಎಂದು ಎರಡು ಸಲ ಕೇಳಿದರು. ನಾನೇ ಕೊಡುತ್ತೇನೆ ಮೇಡಂ ಎಂದೆ, ಹೇಗೆ ಕೊಡುತ್ತೇನೆ ಎಂದು ಹೇಳಲಿಲ್ಲ. ಅವರು ಯೋಚಿಸಿ, ದಿನಕ್ಕೆ ಎರಡು ಮಾಡಿ ಎಂದರು.

ಮಾರ್ಚ್ ಬಂತು. ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿಯ ಕೆಂಪು ಅಂಕಿ ನನ್ನ ಕಡೆಗೇ ನಡೆದು ಬರುತ್ತಿತ್ತು. ಅತ್ತೆಯ ಕೊರಳಿನ ಮೂಳೆಗಳು ಎದ್ದು ಕಾಣತೊಡಗಿದವು. ಒಂದು ದಿನ ತಮ್ಮ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸ್ವಾತಿಗೆ ಕೊಡು ಎಂದು ನನ್ನ ಕೈಗಿಟ್ಟರು. ಮೊಮ್ಮಗಳ ಮೇಲೆ ಎಂಥ ಆಸೆ ನೋಡು ಎಂದು ನನ್ನ ಗಂಡ ಸಂತೋಷಪಟ್ಟರು. ನಾನು ಆ ಚೊಂಬನ್ನು ಅಟ್ಟದ ಮೇಲೆ, ಕಣ್ಣಿಗೆ ಬೀಳದ ಕಡೆ ಇಟ್ಟೆ. ಹೊರಟುನಿಂತವರು ಸಾಮಾನು ಹಂಚುವ ಹಾಗೆ ಕಂಡಿತ್ತು ನನಗೆ.

ಮಾವ ಸಾಕಿದ್ದ ನಾಯಿಯೊಂದಿತ್ತು, ಕೆಂಚ ಎಂದು. ಬೀದಿಗೆ ಹೊಸಬರು ಬಂದರೆ ಗಂಟಲು ಹರಿಯುವಂತೆ ಬೊಗಳುವ ನಾಯಿ, ಪೋಸ್ಟ್‌ಮನ್ ಮುದ್ದಪ್ಪನಿಗೂ ಅದಕ್ಕೂ ಹಳೇ ದ್ವೇಷ. ಮಾರ್ಚ್ ಮೂರನೇ ವಾರ ಒಂದು ಮಧ್ಯಾಹ್ನ ಮುದ್ದಪ್ಪ ಸೀದಾ ಪಡಸಾಲೆಯ ತನಕ ಬಂದು ಕಾಗದ ಕೊಟ್ಟ.

"ಏನಕ್ಕ, ನಿಮ್ಮ ನಾಯಿಗೂ ನಿಮ್ಮತ್ತೆ ಗಾಳಿ ಬಡೀತೇನು? ತಿಂಗಳಾತು, ತುಳಕಂಡು ಬಂದ್ರೂ ಏಳಲ್ಲ, ಬರೀ ನಿದ್ದೆ" ಎಂದು ನಕ್ಕ.

ನಾನೂ ನಕ್ಕೆ. ಅವನು ಹೋದ ಮೇಲೆ ಒಂದು ಗೇಣು ಹೊಲಿದೆ. ಕಾಲು ತಾನಾಗಿ ನಿಂತಿತು. ಕೆಂಚ ಎದ್ದು ಓಲಾಡುತ್ತ ಹಿತ್ತಲ ಕಲ್ಲುಬಾನಿಗೆ ಹೋಗಿ ಲಪಲಪ ನೀರು ಕುಡಿಯುವುದು ಕೇಳಿಸಿತು. ಅದು ಕುಡಿಯುತ್ತಲೇ ಇತ್ತು. ಬಾಯಿ ಒಣಗುತ್ತದೆ, ನಿದ್ದೆ ಜಾಸ್ತಿ ಬರುತ್ತದೆ.

ಮರುದಿನ ಮುದ್ದೆ ಬಡಿಸಿ ಎಂದಿನಂತೆ ಹೊರಟ ಹಾಗೆ ಮಾಡಿ, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಹಿತ್ತಲ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಹೊಸ್ತಿಲಾಚೆ ಕೆಂಚ. ಅತ್ತೆ ಮುದ್ದೆಯ ನೆತ್ತಿಯನ್ನು, ತುಪ್ಪ ಹಾಕಿದ ಕಡೆಯನ್ನೇ, ದೊಡ್ಡದಾಗಿ ಮುರಿದರು. ಮುರಿದದ್ದನ್ನು ಹಣೆಗೆ ಮುಟ್ಟಿಸಿಕೊಂಡು ತಟ್ಟೆಯ ಅಂಚಿಗಿಟ್ಟರು, ಆಮೇಲೆ ಎತ್ತಿ ಕೆಂಚನಿಗೆ ಹಾಕಿದರು. ಅದು ಒಂದೇ ಸಲಕ್ಕೆ ನುಂಗಿತು. ನಾಯಿಗಳೂ ಮುದ್ದೆ ಅಗಿಯುವುದಿಲ್ಲ.

ಅತ್ತೆ ಕೆಂಚನಿಗೆ ಒಂದು ತುತ್ತು ಹಾಕುತ್ತಾರೆಂದು ನನಗೆ ಗೊತ್ತಿತ್ತು. ಆದರೆ ಲೋಕವೆಲ್ಲ ನಾಯಿಗೆ ಹಾಕುವುದು ಉಂಡು ಮಿಕ್ಕ ಕೊನೆಯ ತುತ್ತನ್ನು. ಇವರು ಮೊದಲನೆಯದನ್ನೇ ಹಾಕುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನೋಡುತ್ತ ನಿಂತಾಗ ನೆನಪಾಯಿತು. ಮಾವನ ತಿಥಿಯ ದಿನ ಎಡೆಗೆ ಕಾಗೆ ಬರಲೇ ಇಲ್ಲ. ಕಾದು ಕಾದು ಸಾಕಾದ ಮೇಲೆ ಕೆಂಚ ಬಂದು ತಿಂದಿತ್ತು. ಎಲ್ಲರೂ ಹಚಾ ಎಂದಾಗ ಅತ್ತೆ, ಬಿಡ್ರಿ, ಅವರು ಯಾರ ಬಾಯಾಗೆ ಉಣ್ಬೇಕೋ ಉಂಡ್ರು ಎಂದಿದ್ದರು. ಅಂದಿನಿಂದ ಗಂಡನ ಹೆಸರಿನ ತುತ್ತು ಅದಕ್ಕೆ ಹೋಗುತ್ತಿತ್ತು. ತುಪ್ಪದ ತುತ್ತು, ಮಾತ್ರೆಯ ತುತ್ತು. ಒಂದೂವರೆ ತಿಂಗಳು ಖಿನ್ನತೆಯ ಔಷಧಿ ತಿಂದದ್ದು ನಾಯಿ, ಔಷಧಿ ನಾಟಲಿಲ್ಲ ಎಂದು ತೀರ್ಮಾನಕ್ಕೆ ಬಂದವರು ನಾವು.

ಯಾರಿಗೆ ಹೇಳಲಿ? ಭಾವನಿಗೆ ಹೇಳಿದರೆ ಅಲ್ಲಿಗೆ ಮುಗಿಯಿತು. ಯುಗಾದಿಗೆ ಒಂದು ವಾರವಿತ್ತು. ಒಂದು ವಾರದಲ್ಲಿ ಏನಾದರೂ ಕಂಡರೆ ಸಾಕು, ಒಂದು ಬೈಗುಳ ಬಂದರೆ ಸಾಕು ಎಂದು ಹುಚ್ಚು ಲೆಕ್ಕ ಹಾಕಿದೆ. ಎರಡು ಮಾತ್ರೆ ಒಮ್ಮೆಲೇ ಕೊಟ್ಟರೆ ಇಲ್ಲಿಯವರೆಗೆ ಒಂದನ್ನೂ ನುಂಗದ ಜೀವ ಬಿದ್ದುಬಿಟ್ಟೀತು ಎಂದು ಹೆದರಿ, ಒಂದನ್ನೇ ತೆಗೆದುಕೊಂಡೆ. ಈ ಸಲ ನೆತ್ತಿಯಲ್ಲಿ ಇಡಲಿಲ್ಲ, ಮುದ್ದೆ ಕಟ್ಟುವಾಗಲೇ ನಟ್ಟನಡುವೆ ಇಟ್ಟು ಕಟ್ಟಿದೆ. ಇಟ್ಟು ಅದೇ ಬಾಗಿಲ ಮರೆಯಲ್ಲಿ ನಿಂತೆ.

ಅತ್ತೆ ಮೊದಲ ತುತ್ತು ಮುರಿದು ಅಂಚಿಗಿಟ್ಟರು. ಕೆಂಚ ಬಾಲ ಅಲ್ಲಾಡಿಸಿತು. ಅವತ್ತು ಯಾಕೋ ಅದಕ್ಕೆ ಹಾಕುವ ಮೊದಲೇ ತಾವೊಂದು ತುತ್ತು ಮುರಿದರು. ಬೆರಳು ನಿಂತಿತು. ಮುದ್ದೆಯೊಳಗಿನಿಂದ ಕೆಂಪು ಮಾತ್ರೆಯನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಆಮೇಲೆ ಪಡಸಾಲೆಯ ಕಡೆ, ನಾನು ಇರಬೇಕಾಗಿದ್ದ ಕಡೆ, ಒಂದು ಸಲ ನೋಡಿದರು. ಉಗಿಯುತ್ತಾರೆ, ಎಸೆಯುತ್ತಾರೆ ಎಂದುಕೊಂಡೆ.

ಅವರು ಎಸೆಯಲಿಲ್ಲ. ಅಂಚಿಗಿಟ್ಟಿದ್ದ ನಾಯಿಯ ತುತ್ತನ್ನು ಎತ್ತಿ ತಮ್ಮ ಮುದ್ದೆಗೇ ಸೇರಿಸಿಕೊಂಡರು. ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನುಂಗಿದರು. ಮುದ್ದೆಯನ್ನು ಒಂದು ಚೂರೂ ಬಿಡದೆ ಉಂಡರು. ತಟ್ಟೆ ತೊಳೆದ ನೀರನ್ನು ಕುಡಿದರು. ಹೊಸ್ತಿಲು ದಾಟಿ ಬಂದ ಕೆಂಚನನ್ನು ಕೈಯೆತ್ತಿ ಓಡಿಸಿದರು. ಅದು ದೂರ ಹೋಗಿ ಕುಂಯ್‌ಗುಟ್ಟಿತು.

ನಾನು ಮರೆಯಿಂದ ಈಚೆ ಬಂದೆ. "ಕೆಂಚನಿಗೆ ಇವತ್ತು ತುತ್ತು ಹಾಕ್ಲಿಲ್ವಲ್ಲ ಅತ್ತೆ?"

"ಅದ್ಯಾಕೆ ಸಾಯ್ಬೇಕು?" ಎಂದರು ಅತ್ತೆ.

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವರ ಎದುರಿಗೇ ನೆಲದ ಮೇಲೆ ಕೂತೆ. ಸೊಸೆ ಅನ್ನದಲ್ಲಿ ವಿಷ ಬೆರೆಸಿದ್ದಾಳೆ ಎಂದು ತಿಳಿದು, ನಾಯಿಯನ್ನು ಉಳಿಸಿ, ತಾನು ಉಂಡವರು ಅವರು. ಮೊದಲು ಕೈಗೆ ಕೊಟ್ಟಿದ್ದ ಅದೇ ಕೆಂಪು ಮಾತ್ರೆ, ಬಚ್ಚಿಟ್ಟದ್ದರಿಂದ ಅವರಿಗೆ ವಿಷವಾಗಿ ಕಂಡಿತ್ತು. ಅಯ್ಯೋ ಅತ್ತೆ, ಅದು ಔಷಧಿ, ಕ್ಯಾಂಪಿನ ಡಾಕ್ಟರು ಕೊಟ್ಟದ್ದು ಎಂದು ಅಳುತ್ತ ಮಾತ್ರೆಯ ಹಾಳೆ ತಂದು ತೋರಿಸಿದೆ. ಅವರು ಅದನ್ನು ನೋಡಲೂ ಇಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟರು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಮೊದಲ ಸಲ.

"ಆಗ್ಲಿ ಬಿಡೆ, ಅಳಬ್ಯಾಡ. ನಿಮಗೂ ಸಾಕಾಗೈತೆ. ನಾಳೆಯಿಂದ ಕೈಗೇ ಕೊಡು, ಬಚ್ಚಿಡೋ ಕಷ್ಟ ಯಾಕೆ?"

ಮರುದಿನದಿಂದ ಊಟದ ಹೊತ್ತಿಗೆ ತಾವಾಗಿ ಕೈ ಚಾಚುತ್ತಿದ್ದರು. ನಾನು ಮಾತ್ರೆ ಇಡುತ್ತಿದ್ದೆ, ಪ್ರತಿದಿನ ಇದು ಔಷಧಿ ಎನ್ನುತ್ತಿದ್ದೆ, ಅವರು ಹೂಂ ಎಂದು ನುಂಗುತ್ತಿದ್ದರು. ಕೆಂಚನನ್ನು ಹತ್ತಿರ ಬಿಡುತ್ತಿರಲಿಲ್ಲ. ಒಮ್ಮೆ ಮುದ್ದೆಗೆ ಕೈಯಿಟ್ಟವಳು ನಾನು, ಇನ್ನು ಆ ಮುದ್ದೆಯನ್ನು ನಂಬಿ ಎಂದು ಯಾವ ಬಾಯಲ್ಲಿ ಹೇಳಲಿ? ನಾಲ್ಕನೇ ದಿನ ಅವರೇ ನನ್ನನ್ನು ಕೇಳಿದರು, "ನಿಧಾನದ್ದು ಕೊಡ್ತಿದೀಯೇನೆ?"

ಆ ಗುರುವಾರ ಕ್ಯಾಂಪಿಗೆ ಹೋಗಿ ಆತಿಕಾ ಅವರ ಮುಂದೆ ಎಲ್ಲವನ್ನೂ ಕಕ್ಕಿಬಿಟ್ಟೆ, ನಾಯಿಯ ವಿಷಯವನ್ನೂ. ಅವರು ನಗಲಿಲ್ಲ. ಕದ್ದು ಕೊಡಬಾರದಿತ್ತು, ತಮ್ಮಿಂದ ಮುಚ್ಚಿಡಬಾರದಿತ್ತು ಎಂದು ಗದರಿದರು. ದುರ್ಗದ ಆಸ್ಪತ್ರೆಗೆ ಸೇರಿಸುವುದು ಒಳ್ಳೆಯದು, ಅದಾಗದಿದ್ದರೆ ಒಂದು ಕ್ಷಣವೂ ಒಬ್ಬರನ್ನೇ ಬಿಡಬೇಡಿ, ವಾರಕ್ಕೊಮ್ಮೆ ಕರೆತನ್ನಿ, ಕದ್ದುಮುಚ್ಚಿ ಏನನ್ನೂ ಮಾಡಬೇಡಿ, ಅವರ ಪಕ್ಕದಲ್ಲೇ ಕೂತು ಅದೇ ಪಾತ್ರೆಯಿಂದ ಉಣ್ಣಿ ಎಂದರು. ಎರಡು ತಿಂಗಳು ಹೋಯಿತು ಎಂದುಕೊಳ್ಳಿ, ಮಾತ್ರೆ ನಾಟಲು ಬೇಕಾದ ನಾಲ್ಕೈದು ವಾರವನ್ನು ಇವತ್ತಿನಿಂದ ಎಣಿಸಿ ಎಂದರು. ನನ್ನ ಬಳಿ ಇದ್ದದ್ದು ಎರಡು ದಿನ.

ಯುಗಾದಿಗೆ ಭಾವ ಬಂದರು. ಬೇವು ಬೆಲ್ಲವಾಯಿತು, ಒಬ್ಬಟ್ಟಾಯಿತು, ಮಾತು ಅದಕ್ಕೇ ಬಂತು. ಎರಡು ತಿಂಗಳಾಯಿತಲ್ಲ, ಅವ್ವ ಇನ್ನೂ ಇಳಿದಿದ್ದಾಳೆ ಹೊರತು ಹತ್ತಿಲ್ಲ, ಕಾಟಲಿಂಗಪ್ಪನವರೇ ಸರಿ ಎಂದರು. ಹಿರಿಯೂರಿನವರು ಮುಂದಿನ ಶುಕ್ರವಾರ ಬರುತ್ತಾರೆ, ಇನ್ನು ಕ್ಯಾಂಪಿನ ಸಹವಾಸ ಬೇಡ ಎಂದರು. ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ನಾನು ಅವರಿಬ್ಬರ ಮುಂದೆ ನಿಂತು, ಇಷ್ಟು ದಿನ ಮಾತ್ರೆ ತಿಂದದ್ದು ಅತ್ತೆಯಲ್ಲ, ಕೆಂಚ ಎಂದು ಹೇಳಿದೆ.

ಭಾವ ಬಾಯಿಬಿಟ್ಟು ನಕ್ಕರು. "ಹಂಗಾದ್ರೆ ನಾಯಿಗೆ ಖಿನ್ನತೆ ವಾಸಿ ಆತೇನಮ್ಮ?"

"ನಗ್ರಿ ಭಾವ, ನಗ್ರಿ" ಎಂದೆ. "ನಕ್ಕು ಮುಗಿದ ಮೇಲೆ ಒಳಗೆ ಬಂದು ನಿಮ್ಮವ್ವ ಉಣ್ಣೋದನ್ನ ಒಂದ್ಸಲ ನೋಡ್ರಿ. ಬಾಯಿ ನೋಡಬಾರದು ಅಂತಾರೆ, ಇವತ್ತು ನೋಡ್ರಿ."

ಬಂದರು. ಹಬ್ಬದ ದಿನವೂ ಅತ್ತೆ ಒಬ್ಬಟ್ಟು ಮುಟ್ಟಿರಲಿಲ್ಲ, ಅರ್ಧ ಮುದ್ದೆ ಕೇಳಿದ್ದರು. ನಾನು ಕೈಗೆ ಮಾತ್ರೆ ಇಟ್ಟೆ, ನುಂಗಿದರು. ಹೊಸ್ತಿಲ ಹತ್ತಿರ ಬಂದ ಕೆಂಚನಿಗೆ ಕೈಯೆತ್ತಿದರು. ಭಾವನಿಗೆ ಆ ನಾಯಿಯ ತುತ್ತಿನ ವಿಷಯ ಗೊತ್ತಿತ್ತು, ಅಪ್ಪನ ತಿಥಿಯಲ್ಲಿ ಅವರೂ ಇದ್ದರು.

"ಯಾಕವ್ವ, ಅದಕ್ಕೆ ಹಾಕಲ್ವ?"

"ಅದಕ್ಕೆ ಬ್ಯಾಡ ಮಗ. ನಾನುಂಡ್ರೆ ಸಾಕು."

ಭಾವ ನನ್ನ ಮುಖ ನೋಡಿದರು. ಅತ್ತೆ ಏನೆಂದುಕೊಂಡು ಉಣ್ಣುತ್ತಿದ್ದಾರೆಂದು ಅವರಿಗೆ ಇನ್ನೂ ಹೊಳೆದಿರಲಿಲ್ಲ. ಹಗುರ ಮಾಡಲೆಂದೋ ಏನೋ, ಎಂಥ ರುಚಿ ಐತೆ ನೋಡಾಣ ಎಂದು ತಾಯಿಯ ತಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದು ತುಂಡು ಮುರಿದರು. ಬಾಯಿಗೆ ಒಯ್ಯುವಷ್ಟರಲ್ಲಿ ಅತ್ತೆ ಅವರ ಮಣಿಕಟ್ಟು ಹಿಡಿದರು. ಆ ಕಡ್ಡಿಯಂಥ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಮುದ್ದೆ ಉದುರಿ ನೆಲಕ್ಕೆ ಬಿತ್ತು.

"ಬ್ಯಾಡ ಕಣಪ್ಪ" ಎಂದರು ಅತ್ತೆ. "ನಿನಗೆ ಮಗಳ ಮದುವೆ ಐತೆ."

ಮೇಷ್ಟ್ರಿಗೆ ಹೊಳೆಯಿತು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ತಾಯಿಯ ಕೈಯಲ್ಲಿದ್ದ ತಮ್ಮ ಕೈಯನ್ನು ಬಿಡಿಸಿಕೊಳ್ಳದೆ ಹಾಗೇ ಕೂತರು. ಐವತ್ತು ದಾಟಿದ ಗಂಡಸು ಮೂಗು ಸೋರಿಸಿಕೊಂಡು ಅತ್ತರು, ಅವ್ವಾ ಅದು ಔಷಧಿ ಕಣವ್ವ, ಅದು ಔಷಧಿ ಎಂದು ನಾಲ್ಕೈದು ಸಲ ಹೇಳಿದರು. ಅತ್ತೆ ಹೂಂ ಎಂದರು. ಯಾವಾಗಲೂ ಹಾಗೇ ಎನ್ನುತ್ತಿದ್ದರು.

ಅಲ್ಲಿಗೆ ನಮ್ಮ ಮನೆಯ ವಾದ ಮುಗಿಯಿತು. ಅದು ಮುಪ್ಪೋ, ದುಃಖವೋ, ಕಾಯಿಲೆಯೋ ಎಂದು ಆಮೇಲೆ ಯಾರೂ ಕೇಳಲಿಲ್ಲ. ಭಾವ ಎರಡು ವಾರ ರಜೆ ಹಾಕಿ ನಮ್ಮಲ್ಲೇ ಉಳಿದರು. ಹಿರಿಯೂರಿನವರಿಗೆ, ಅಜ್ಜಿಗೆ ಹುಷಾರಿಲ್ಲ, ಆಮೇಲೆ ನೋಡಾಣ ಎಂದು ಹೇಳಿ ಕಳಿಸಿದರು. ಬಾವಿಗೆ ಹಲಗೆ ಮುಚ್ಚಿ ಬೀಗ ಹಾಕಿಸಿದರು, ಮಾವ ಬಿಟ್ಟುಹೋಗಿದ್ದ ಚಿಲಕ ರಿಪೇರಿ ಮಾಡಿಸಿದರು. ವಾರಕ್ಕೊಮ್ಮೆ ನನ್ನ ಗಂಡನ ಬಸ್ಸಿನಲ್ಲೇ ದುರ್ಗಕ್ಕೆ ಹೋಗಿಬರುತ್ತಿದ್ದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು, ನಾನು ಅತ್ತೆಯನ್ನು ನೋಡುತ್ತ ಕೂತಿರುತ್ತಿದ್ದೆ.

ಮಧ್ಯಾಹ್ನ ಅವರ ಪಕ್ಕದಲ್ಲೇ ಕೂತು ಅವರ ಕಣ್ಣೆದುರಿಗೇ ಮುದ್ದೆ ಕಟ್ಟಿ, ಅದನ್ನೇ ಎರಡು ಮಾಡಿ ಉಣ್ಣುತ್ತಿದ್ದೆ. ಮೊದಮೊದಲು ನನ್ನ ತಟ್ಟೆಗೂ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಕೈ ಸರಿಸಿ ಉಂಡೆ. ಆಮೇಲೆ ಅಡ್ಡ ಹಿಡಿಯುವುದು ನಿಂತಿತು, ಆದರೆ ಅದು ನಂಬಿಕೆಯೋ ಸುಸ್ತೋ ಎಂದು ತಿಳಿಯುವ ಬಗೆ ಹೇಗೆ? ಎರಡನೇ ವಾರ ಅವರ ಬಾಯಿ ಒಣಗಿತು, ಹಗಲು ತೂಕಡಿಸಿದರು. ನನಗೆ ಅದೇ ಹಬ್ಬ. ಮೂರನೇ ವಾರ ಏನೂ ಇಲ್ಲ. ನಾಲ್ಕನೆಯದೂ ಹಾಗೇ ಹೋಯಿತು. ದಿನಾ ಉಣ್ಣಲು ಕೂತಾಗ ನಾನು ಅವರ ಮುಖ ನೋಡುತ್ತಿರಲಿಲ್ಲ, ತಟ್ಟೆಯ ಅಂಚನ್ನೇ ನೋಡುತ್ತಿದ್ದೆ. ಅಂಚು ಖಾಲಿ ಇರುತ್ತಿತ್ತು.

ಮೇ ತಿಂಗಳ ಮೊದಲ ವಾರ. ಬಿಸಿಲು ಕಾಯುತ್ತಿತ್ತು. ಅತ್ತೆ ಮಾತ್ರೆ ನುಂಗಿ ನೀರು ಕುಡಿದು, ಮುದ್ದೆಯ ನೆತ್ತಿ ಮುರಿದರು. ಮುರಿದದ್ದು ಕೈಯಲ್ಲೇ ಉಳಿಯಿತು. ಅದನ್ನು ಬೆರಳಿನಿಂದ ಒತ್ತಿ ಒತ್ತಿ, ತಿರುಗಿಸಿ ತಿರುಗಿಸಿ ನೋಡಿದರು. ನಾನು ನನ್ನ ತಟ್ಟೆಗೆ ಕಣ್ಣು ನೆಟ್ಟೆ. ಅತ್ತೆ ತುತ್ತನ್ನು ಹಣೆಗೆ ಮುಟ್ಟಿಸಿಕೊಂಡರು, ಅಂಚಿಗಿಟ್ಟರು, ಆಮೇಲೆ ಎತ್ತಿ ಹೊಸ್ತಿಲಾಚೆ ಹಾಕಿದರು.

ಕೆಂಚ ಬರಲಿಲ್ಲ. ಒಂದೂವರೆ ತಿಂಗಳು ಓಡಿಸಿಕೊಂಡಿದ್ದ ನಾಯಿ ಅದು. ದೂರದಲ್ಲೇ ನಿಂತು ಕಿವಿ ಹಿಂದಕ್ಕೆ ಮಾಡಿ ತುತ್ತನ್ನೂ ಅತ್ತೆಯನ್ನೂ ಸರದಿಯ ಮೇಲೆ ನೋಡುತ್ತಿತ್ತು.

"ತಿನ್ನಲೇ, ಮುಂಡೇದೆ" ಎಂದು ಅತ್ತೆ ಗದರಿದರು. "ಏನೂ ಹಾಕಿಲ್ಲ ಅದ್ರಾಗೆ."

ಕೆಂಚ ಮೆಲ್ಲಗೆ ಹತ್ತಿರ ಬಂದು ಮೂಸಿತು, ಆಮೇಲೆ ತಿಂದಿತು.